ಮುಟ್ಟದೆ ತೆರೆಯುವ ಬೀಗ: ನಂಬುವ ಮುನ್ನ ಕೇಳಬೇಕಾದ ಪ್ರಶ್ನೆಗಳು

ಬೀಗದ ಕೈಯನ್ನು ತೂರಿಸಿ ತಿರುಗಿಸುವುದು ನಮಗೆಲ್ಲ ಯೋಚಿಸದೆ ಮಾಡುವ ಕೆಲಸ. ಆದರೆ ಸಂಧಿವಾತದಿಂದ ಬೆರಳು ಮಡಿಸಲಾಗದ ನನ್ನ ತಾಯಿಯವರಿಗೆ ಅದು ನಿತ್ಯದ ಕಷ್ಟವಾಗಿತ್ತು. ಆದ್ದರಿಂದ, ಕಾರ್ಡನ್ನು ಹತ್ತಿರ ಹಿಡಿದೊಡನೆ ತೆರೆದುಕೊಳ್ಳುವ ವಿದ್ಯುನ್ಮಾನ ಬೀಗವೊಂದನ್ನು ನಾನೇ ಜೋಡಿಸಿ ಮನೆಯ ಬಾಗಿಲಿಗೆ ಅಳವಡಿಸಿದೆ. ಕೆಲವು ದಿನಗಳ ನಂತರ ಸ್ನಾತಕೋತ್ತರ ವಿದ್ಯಾರ್ಥಿಯೊಬ್ಬ, "ಸರ್, ನಿಮ್ಮ ಕಾರ್ಡನ್ನು ಒಂದು ನಿಮಿಷ ಕೊಡಿ" ಎಂದು ಪಡೆದು, ತನ್ನ ಬಳಿಯಿದ್ದ ಖಾಲಿ ಕಾರ್ಡಿಗೆ ಅದರ ಸಂಖ್ಯೆಯನ್ನು ಬರೆದುಕೊಂಡ. ಅಂದು ಸಂಜೆ ಅವನ ಕಾರ್ಡಿಗೂ ನಮ್ಮ ಬಾಗಿಲು ತೆರೆಯಿತು!

ಬೀಗ ಕೆಟ್ಟಿರಲಿಲ್ಲ. ನಾನು ವಿನ್ಯಾಸ ಮಾಡಿದಂತೆಯೇ ಅದು ಕೆಲಸ ಮಾಡಿತ್ತು. ತಪ್ಪಿದ್ದುದು ವಿನ್ಯಾಸದಲ್ಲಿ. ಆ ತಪ್ಪು ಯಾವುದು, ಅದನ್ನು ಸರಿಪಡಿಸುವುದು ಹೇಗೆ ಎಂಬುದನ್ನು ಇಲ್ಲಿ ನೋಡೋಣ.

ಬ್ಯಾಟರಿಯಿಲ್ಲದ ಕಾರ್ಡಿಗೆ ಶಕ್ತಿ ಎಲ್ಲಿಂದ?

ಈ ಬಗೆಯ ಬೀಗದ ಕಲ್ಪನೆ ಹೊಸದಲ್ಲ. ಬ್ಯಾಟರಿಯಿಲ್ಲದ ಕಾರ್ಡಿನಿಂದ ಬಾಗಿಲು ತೆರೆಯುವ ವ್ಯವಸ್ಥೆಗೆ ಅಮೆರಿಕದ ಚಾರ್ಲ್ಸ್ ವಾಲ್ಟನ್ 1973ರಲ್ಲೇ ಪೇಟೆಂಟ್ ಪಡೆದರು. ಅದರ ಹಿಂದಿರುವ ಭೌತವಿಜ್ಞಾನವಂತೂ 1831ರಲ್ಲಿ ಮೈಕೇಲ್ ಫ್ಯಾರಡೆ ಕಂಡುಹಿಡಿದ ವಿದ್ಯುತ್ಕಾಂತೀಯ ಪ್ರೇರಣೆ.

ಕಾರ್ಡಿನೊಳಗೆ ಇರುವುದು ಎರಡೇ ವಸ್ತುಗಳು: ತಂತಿಯ ಸುರುಳಿ ಮತ್ತು ಸಾಸಿವೆ ಕಾಳಿನಷ್ಟು ಚಿಕ್ಕ ಸಿಲಿಕಾನ್ ಚಿಪ್. ಬಾಗಿಲಿನ ಬಳಿಯ ಓದುಗ ಸಾಧನದಲ್ಲೂ ಒಂದು ಸುರುಳಿ ಇದೆ. ಅದರಲ್ಲಿ ಸೆಕೆಂಡಿಗೆ 1,25,000 ಬಾರಿ, ಅಂದರೆ 125 ಕಿಲೋಹರ್ಟ್ಸ್ ಆವೃತ್ತಿಯಲ್ಲಿ, ಪರ್ಯಾಯ ವಿದ್ಯುತ್ ಹರಿಯುತ್ತದೆ. ಬದಲಾಗುವ ಈ ಕಾಂತಕ್ಷೇತ್ರದಲ್ಲಿ ಕಾರ್ಡನ್ನು ಹಿಡಿದಾಗ ಅದರ ಸುರುಳಿಯಲ್ಲಿ ವೋಲ್ಟೇಜ್ ಪ್ರೇರಿತವಾಗಿ ಚಿಪ್ ಎಚ್ಚರಗೊಳ್ಳುತ್ತದೆ. ಇದು ಕಬ್ಬಿಣದ ತಿರುಳಿಲ್ಲದ ಟ್ರಾನ್ಸ್‌ಫಾರ್ಮರ್ ಎನ್ನಬಹುದು.

ಹೀಗೆ ದೊರೆಯುವ ಅಲ್ಪ ವೋಲ್ಟೇಜನ್ನು ಹೆಚ್ಚಿಸಲು ಅನುರಣನೆಯ ಸಹಾಯ ಬೇಕು. ಸುರುಳಿಗೆ ಸೂಕ್ತ ಕೆಪಾಸಿಟರನ್ನು ಜೋಡಿಸಿ ಮಂಡಲವನ್ನು ಓದುಗ ಸಾಧನದ ಆವೃತ್ತಿಗೇ ಶ್ರುತಿ ಮಾಡುತ್ತಾರೆ. ಉದಾಹರಣೆಗೆ, 1.62 ಮಿಲಿಹೆನ್ರಿ ಪ್ರೇರಕತೆಯ ಸುರುಳಿಗೆ 1 ನ್ಯಾನೋಫ್ಯಾರಡ್ ಕೆಪಾಸಿಟರ್ ಜೋಡಿಸಿದರೆ ಅನುರಣನ ಆವೃತ್ತಿ ಸುಮಾರು 125 ಕಿಲೋಹರ್ಟ್ಸ್ ಆಗುತ್ತದೆ. ವಿದ್ಯಾರ್ಥಿಗಳು ಲೆಕ್ಕ ಹಾಕಿ ನೋಡಬಹುದು.

ಕಾರ್ಡನ್ನು ಏಕೆ ಅಷ್ಟು ಹತ್ತಿರ ಹಿಡಿಯಬೇಕು? ವೃತ್ತಾಕಾರದ ಸುರುಳಿಯ ಅಕ್ಷದ ಮೇಲಿನ ಕಾಂತಕ್ಷೇತ್ರದ ಸೂತ್ರವನ್ನು ನೆನಪಿಸಿಕೊಳ್ಳಿ. ಸುರುಳಿಯ ತ್ರಿಜ್ಯ 4 ಸೆಂ.ಮೀ. ಇದ್ದರೆ, 8 ಸೆಂ.ಮೀ. ದೂರದಲ್ಲಿ ಕ್ಷೇತ್ರವು ಕೇಂದ್ರದಲ್ಲಿರುವುದರ ಹನ್ನೊಂದನೆಯ ಒಂದು ಭಾಗಕ್ಕೆ ಇಳಿಯುತ್ತದೆ. 40 ಸೆಂ.ಮೀ. ದೂರದಲ್ಲಿ ಅದು ಸುಮಾರು ಸಾವಿರದ ಒಂದು ಭಾಗ ಮಾತ್ರ.

ಕಾರ್ಡು ಮಾತನಾಡುವ ಬಗೆ

ಚಿಪ್‌ಗೆ ಪ್ರಸಾರ ಮಾಡುವಷ್ಟು ಶಕ್ತಿ ಇಲ್ಲ. ಅದು ತನ್ನ ಸುರುಳಿಯ ಮೇಲಿನ ಹೊರೆಯನ್ನು ಹೆಚ್ಚು ಕಡಿಮೆ ಮಾಡುತ್ತದೆ, ಅಷ್ಟೆ. ಟ್ರಾನ್ಸ್‌ಫಾರ್ಮರಿನ ದ್ವಿತೀಯಕ ಸುರುಳಿಯಲ್ಲಿ ಹೊರೆ ಬದಲಾದರೆ ಪ್ರಾಥಮಿಕ ಸುರುಳಿಗೆ ಅದರ ಅರಿವಾಗುತ್ತದೆಯಲ್ಲವೆ? ಹಾಗೆಯೇ ಇಲ್ಲಿಯೂ ಓದುಗ ಸಾಧನದ ಸುರುಳಿಯ ವೋಲ್ಟೇಜಿನಲ್ಲಿ ಸಣ್ಣ ಏರಿಳಿತ ಕಾಣುತ್ತದೆ. ಆ ಏರಿಳಿತವೇ 0 ಮತ್ತು 1ಗಳ ಭಾಷೆ.

ಸಾಮಾನ್ಯ ಬಳಕೆಯ ಅಗ್ಗದ ಕಾರ್ಡು 64 ಬಿಟ್‌ಗಳನ್ನು ಕಳಿಸುತ್ತದೆ. ಅದರಲ್ಲಿ 40 ಬಿಟ್‌ಗಳು ಕಾರ್ಡಿನ ಸಂಖ್ಯೆ. ಉಳಿದವು ಆರಂಭವನ್ನು ಗುರುತಿಸಲು ಮತ್ತು ತಪ್ಪುಗಳನ್ನು ಪತ್ತೆ ಹಚ್ಚಲು. ಒಂದು ಬಿಟ್‌ಗೆ 64 ಆವರ್ತಗಳಂತೆ, ಇಡೀ ಸಂದೇಶ ಮುಗಿಯಲು ಸುಮಾರು 33 ಮಿಲಿಸೆಕೆಂಡು ಸಾಕು.

ಹೆಸರು ಬೇರೆ, ಗುಟ್ಟು ಬೇರೆ

ನಾನು ಎಡವಿದ್ದು ಇಲ್ಲಿಯೇ. 40 ಬಿಟ್‌ಗಳೆಂದರೆ ಸುಮಾರು 1.1 ಲಕ್ಷ ಕೋಟಿ ಸಂಖ್ಯೆಗಳು. ಇವುಗಳಲ್ಲಿ ನನ್ನ ಸಂಖ್ಯೆಯನ್ನು ಯಾರು ತಾನೇ ಊಹಿಸಿಯಾರು ಎಂದುಕೊಂಡಿದ್ದೆ. ಆದರೆ ಊಹಿಸುವ ಅಗತ್ಯವೇ ಕಳ್ಳನಿಗಿಲ್ಲ. ಯಾವ ಓದುಗ ಸಾಧನ ಶಕ್ತಿ ನೀಡಿದರೂ ಕಾರ್ಡು ತನ್ನ ಸಂಖ್ಯೆಯನ್ನು ಹೇಳಿಬಿಡುತ್ತದೆ. ಅದು ನನ್ನ ಹೆಸರಿದ್ದಂತೆ. ಹೆಸರು ಹೇಳಿದವರಿಗೆಲ್ಲ ಬಾಗಿಲು ತೆರೆದರೆ ಅದು ಬೀಗವಲ್ಲ.

ಇದಕ್ಕೆ ಪರಿಹಾರ, ಗುಟ್ಟನ್ನು ಹೇಳದೆಯೇ ಗುಟ್ಟು ತಿಳಿದಿದೆ ಎಂದು ಸಾಬೀತುಪಡಿಸುವುದು. ಬೀಗವು ಪ್ರತಿಸಲವೂ ಹೊಸದೊಂದು ಯಾದೃಚ್ಛಿಕ ಸಂಖ್ಯೆಯನ್ನು ಸವಾಲಾಗಿ ಕಳಿಸುತ್ತದೆ. ಕಾರ್ಡು ಆ ಸಂಖ್ಯೆಯನ್ನು ತನ್ನೊಳಗಿನ ರಹಸ್ಯ ಕೀಲಿಯೊಡನೆ ಬೆರೆಸಿ ಉತ್ತರ ಲೆಕ್ಕ ಹಾಕಿ ಮರಳಿಸುತ್ತದೆ. ಬೀಗವೂ ಅದೇ ಲೆಕ್ಕ ಮಾಡಿ ಹೋಲಿಸುತ್ತದೆ. ನಡುವೆ ಕದ್ದು ಕೇಳಿದವನಿಗೆ ದೊರೆಯುವುದು ಒಂದು ಪ್ರಶ್ನೆ ಮತ್ತು ಅದರ ಉತ್ತರ ಮಾತ್ರ. ಮುಂದಿನ ಸಲ ಪ್ರಶ್ನೆಯೇ ಬೇರೆ.

ಆದರೆ ಈ ಲೆಕ್ಕದ ವಿಧಾನ ಗಟ್ಟಿಯಾಗಿರಬೇಕು. 13.56 ಮೆಗಾಹರ್ಟ್ಸ್‌ನಲ್ಲಿ ಕೆಲಸ ಮಾಡುವ, ಜಗತ್ತಿನಾದ್ಯಂತ ಬಳಕೆಯಲ್ಲಿದ್ದ 'ಮೈಫೇರ್ ಕ್ಲಾಸಿಕ್' ಎಂಬ ಕಾರ್ಡಿನಲ್ಲಿ ಗುಟ್ಟಾಗಿರಿಸಿದ್ದ ಗೂಢಲಿಪಿ ವಿಧಾನವೊಂದಿತ್ತು. 2007ರ ಕೊನೆ ಮತ್ತು 2008ರಲ್ಲಿ ಸಂಶೋಧಕರು ಅದನ್ನು ಬಿಡಿಸಿದರು. ಅದರ ಕೀಲಿ 48 ಬಿಟ್ ಮಾತ್ರ. ಸವಾಲಿನ ಸಂಖ್ಯೆಗಳೋ 16 ಬಿಟ್‌ನ ಜನಕದಿಂದ ಬರುತ್ತಿದ್ದು, 65,535 ಹೆಜ್ಜೆಗಳ ನಂತರ ಮತ್ತೆ ಮೊದಲಿನಿಂದ ಆರಂಭವಾಗುತ್ತಿದ್ದವು. ವಿಧಾನ ಬಹಿರಂಗವಾದರೂ ಕೀಲಿಯೊಂದು ಗುಟ್ಟಾಗಿದ್ದರೆ ಸಾಕು, ವ್ಯವಸ್ಥೆ ಸುರಕ್ಷಿತವಾಗಿರಬೇಕು ಎಂದು ಕೆರ್ಕ್‌ಹಾಫ್ಸ್ 1883ರಲ್ಲೇ ಹೇಳಿದ್ದರು. 2001ರಲ್ಲಿ ಅಮೆರಿಕ ಮಾನಕವಾಗಿ ಸ್ವೀಕರಿಸಿದ 'ಎಇಎಸ್' ವಿಧಾನ ಹಾಗಿದೆ. ಅದರ ವಿವರ ಎಲ್ಲರಿಗೂ ಲಭ್ಯ. ಕೀಲಿ ಕನಿಷ್ಠ 128 ಬಿಟ್. ಈಗ ಎಇಎಸ್ ಇರುವ ಕಾರ್ಡುಗಳೇ ಸಿಗುತ್ತವೆ. ಮನೆಯ ಬೀಗಕ್ಕೆ ಅಂಥವನ್ನೇ ಆರಿಸಬೇಕು.

ಬಾಗಿಲಿನ ಬದಿಯ ಕೆಲಸ

ಗಣಿತ ಸರಿಯಿದ್ದರೆ ಸಾಲದು. ಚಿಲಕವನ್ನು ಎಳೆಯುವ 12 ವೋಲ್ಟಿನ ಸೊಲೆನಾಯಿಡ್‌ಗೆ ಸುಮಾರು 1 ಆಂಪಿಯರ್ ಬೇಕು. ಮೈಕ್ರೋಕಂಟ್ರೋಲರ್ ಕೊಡುವುದು ಕೆಲವು ಹತ್ತು ಮಿಲಿಆಂಪಿಯರ್ ಮಾತ್ರ. ಆದ್ದರಿಂದ ನಡುವೆ ಟ್ರಾನ್ಸಿಸ್ಟರ್ ಇರಬೇಕು. ವಿದ್ಯುತ್ ನಿಂತ ಕ್ಷಣ ಸುರುಳಿಯಲ್ಲಿ ಹುಟ್ಟುವ ವಿರುದ್ಧ ದಿಕ್ಕಿನ ವೋಲ್ಟೇಜ್ ಅದನ್ನು ಸುಡದಂತೆ ಸೊಲೆನಾಯಿಡ್‌ಗೆ ಅಡ್ಡಲಾಗಿ ಡಯೋಡ್ ಜೋಡಿಸಬೇಕು.

ನಿರ್ಧಾರ ಮಾಡುವ ಮಂಡಲವನ್ನು ಯಾವಾಗಲೂ ಬಾಗಿಲಿನ ಒಳಬದಿಯಲ್ಲೇ ಇಡಿ. ಹೊರಗಿನ ಪೆಟ್ಟಿಗೆಯಲ್ಲಿ ಓದುವ ಭಾಗ ಮಾತ್ರ ಇರಲಿ. ಸೊಲೆನಾಯಿಡ್‌ನ ತಂತಿಗಳು ಹೊರಗಿದ್ದರೆ, ನಾಲ್ಕು ಸ್ಕ್ರೂ ಬಿಚ್ಚಿ ಬ್ಯಾಟರಿ ತಾಗಿಸಿದವನಿಗೆ ಯಾವ ಗೂಢಲಿಪಿಯೂ ಅಡ್ಡಿಯಾಗದು.

ಕರೆಂಟು ಹೋದರೆ? ವಿದ್ಯುತ್ಕಾಂತದಿಂದ ಹಿಡಿದಿಡುವ ಬೀಗವು ವಿದ್ಯುತ್ ನಿಂತೊಡನೆ ತೆರೆದುಕೊಳ್ಳುತ್ತದೆ. ಸ್ಪ್ರಿಂಗ್ ಇರುವ ಸೊಲೆನಾಯಿಡ್ ಚಿಲಕ ಮುಚ್ಚಿಯೇ ಇರುತ್ತದೆ. ಮನೆಗೆ ಎರಡನೆಯದು ಸೂಕ್ತ. ಆದರೆ ಒಳಗಿನಿಂದ ಅದು ವಿದ್ಯುತ್ತಿನ ಹಂಗಿಲ್ಲದೆ, ಹಿಡಿಯನ್ನು ಒತ್ತಿದೊಡನೆ ತೆರೆಯಲೇಬೇಕು. ಬೆಂಕಿ, ಹೊಗೆ ತುಂಬಿದ ಮನೆಯಲ್ಲಿ ಮುದುಕರು ಕಾರ್ಡು ಹುಡುಕುತ್ತ ನಿಲ್ಲುವಂತಾಗಬಾರದು. ಹೊರಗಿನಿಂದ ತೆರೆಯಲು ಹಳೆಯ ಬೀಗದ ಕೈಯೂ ಒಂದಿರಲಿ.

ತರಗತಿಯಲ್ಲಿ ಮಾಡಿ ನೋಡಿ

ಸಮಾನ ತ್ರಿಜ್ಯದ ಎರಡು ಸುರುಳಿಗಳನ್ನು ಸುತ್ತಿ. ಒಂದಕ್ಕೆ ಸಿಗ್ನಲ್ ಜನರೇಟರನ್ನೂ ಇನ್ನೊಂದಕ್ಕೆ ಆಸಿಲೋಸ್ಕೋಪನ್ನೂ ಜೋಡಿಸಿ, ದೂರ ಹೆಚ್ಚಿಸುತ್ತ ವೋಲ್ಟೇಜನ್ನು ಗುರುತಿಸಿಕೊಳ್ಳಿ. ಬಳಿಕ ಎರಡನೆಯ ಸುರುಳಿಗೆ ಕೆಪಾಸಿಟರ್ ಸೇರಿಸಿ ಆವೃತ್ತಿಯನ್ನು ನಿಧಾನವಾಗಿ ಬದಲಿಸಿ. ಅನುರಣನೆಯ ಶಿಖರ ಪರದೆಯ ಮೇಲೆ ಕಾಣುತ್ತದೆ. ಪುಸ್ತಕದ ಎರಡು ಪಾಠಗಳು ಒಂದೇ ಮೇಜಿನ ಮೇಲೆ ಸಿಗುತ್ತವೆ.

ನಮ್ಮ ಮನೆಯ ಬೀಗಕ್ಕೆ ಈಗ ಸವಾಲು–ಉತ್ತರದ ಕಾರ್ಡು ಬಂದಿದೆ. ಪ್ರತಿ ಕಾರ್ಡಿಗೂ ಬೇರೆ ಕೀಲಿ ಇರುವುದರಿಂದ, ಒಂದು ಕಳೆದುಹೋದರೆ ಬೀಗ ಬದಲಿಸಬೇಕಿಲ್ಲ, ಪಟ್ಟಿಯಿಂದ ಅದನ್ನು ಅಳಿಸಿದರೆ ಸಾಕು. ಇವೆಲ್ಲ ತಾಯಿಯವರಿಗೆ ಬೇಕಿಲ್ಲ. ಅವರು ಕಾರ್ಡು ಹಿಡಿಯುತ್ತಾರೆ, ಬಾಗಿಲು ತೆರೆಯುತ್ತದೆ. ಅದನ್ನು ನಕಲು ಮಾಡಲು ಹೊಸದಾಗಿ ಪ್ರಯತ್ನಿಸುವಂತೆ ಆ ವಿದ್ಯಾರ್ಥಿಗೇ ಹೇಳಿದ್ದೇನೆ. ತಾನು ಮಾಡಿದ ಬೀಗವನ್ನು ಪರೀಕ್ಷಿಸಲು ಬೇರೊಬ್ಬರಿಗೆ ಕೊಡುವುದೂ ವಿನ್ಯಾಸದ ಒಂದು ಹಂತವೇ ಎಂಬುದನ್ನು ಅವನಿಂದ ಕಲಿತಿದ್ದೇನೆ.