ಮಾತೂ ಅವರದೇ, ಮಟ್ಟೂ ಅವರದೇ: ಹಂಸಲೇಖ ಮತ್ತು ಚನ್ನಪಟ್ಟಣದ ದೇಸಿ ಪಾಠ

ಚನ್ನಪಟ್ಟಣವೆಂದೊಡನೆ ನಗರದ ಓದುಗರಿಗೆ ಮೊದಲು ನೆನಪಾಗುವುದು ಅರಗಿನ ಬಣ್ಣದ ಬೊಂಬೆಗಳು. ಸಂಗೀತಕ್ಕೂ ಈ ಊರಿಗೂ ಹಳೆಯ ನಂಟೊಂದಿದೆ ಎಂಬುದು ಅನೇಕರಿಗೆ ತಿಳಿದಿಲ್ಲ. 1800ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್, ಇಲ್ಲಿ ವಾದ್ಯಗಳಿಗಾಗಿ ಉಕ್ಕಿನ ತಂತಿಗಳನ್ನು ಎಳೆಯುತ್ತಿದ್ದುದನ್ನೂ ಅವು ದೂರದೂರದ ಪ್ರಾಂತ್ಯಗಳಿಗೆ ಹೋಗುತ್ತಿದ್ದುದನ್ನೂ ದಾಖಲಿಸಿದ್ದಾನೆ. ಈ ಊರಿನಲ್ಲೇ ಕನ್ನಡ ಚಿತ್ರಸಂಗೀತದ ಒಬ್ಬ ಪ್ರಮುಖರು, ತಮ್ಮ ವೃತ್ತಿಜೀವನದ ಉತ್ತರಾರ್ಧದಲ್ಲಿ, ದೇಸಿ ವಿದ್ಯಾಸಂಸ್ಥೆಯನ್ನು ಸ್ಥಾಪಿಸಿದರು. ಅವರೇ ಹಂಸಲೇಖ.

ಗೀತರಚನೆ, ಸಂಗೀತ ಸಂಯೋಜನೆ, ವಾದ್ಯವೃಂದದ ಜೋಡಣೆ ಈ ಮೂರನ್ನೂ ಒಬ್ಬರೇ ನಿರ್ವಹಿಸಿ, ದಶಕಕ್ಕೂ ಹೆಚ್ಚು ಕಾಲ ಕನ್ನಡ ಚಿತ್ರರಂಗವನ್ನು ಆಳಿದ ಮತ್ತೊಬ್ಬರಿಲ್ಲ. 1951ರಲ್ಲಿ ಜನಿಸಿದ ಅವರ ಮೂಲ ಹೆಸರು ಗಂಗರಾಜು. ಗುರುಗಳಾದ ಲಾವಣಿ ನೀಲಕಂಠಪ್ಪನವರು ಕೊಟ್ಟ ಸ್ವಾನ್ ಲೇಖನಿಯೇ ‘ಹಂಸಲೇಖ’ ಎಂಬ ಕಾವ್ಯನಾಮಕ್ಕೆ ಕಾರಣವಾಯಿತೆಂಬುದು ಗಾಂಧಿನಗರದಲ್ಲಿ ಬಹುಕಾಲದಿಂದ ಚಾಲ್ತಿಯಲ್ಲಿರುವ ಮಾತು. 1973ರ ‘ತ್ರಿವೇಣಿ’ ಚಿತ್ರಕ್ಕೆ ಬರೆದ ಗೀತೆಯಿಂದ ಚಿತ್ರರಂಗ ಪ್ರವೇಶಿಸಿದರೂ ಅವರು ಮನೆಮಾತಾಗಲು ಇನ್ನೂ ಹದಿನಾಲ್ಕು ವರ್ಷ ಕಾಯಬೇಕಾಯಿತು. ನಡುವೆ 1985ರ ‘ನಾನು ನನ್ನ ಹೆಂಡ್ತಿ’ಗೆ ಶಂಕರ್–ಗಣೇಶ್ ಅವರ ಸಂಗೀತಕ್ಕೆ ಗೀತೆಗಳನ್ನು ಬರೆದರು. ಮುಂದಿನ ಜೋಡಿಯ ನಾಯಕ ರವಿಚಂದ್ರನ್ ಅಲ್ಲಿಯೂ ಇದ್ದರು.

ಹಂಸಲೇಖ ತಂದ ಬದಲಾವಣೆಯನ್ನು ಅರಿಯಬೇಕಾದರೆ ಅದಕ್ಕೂ ಹಿಂದಿನ ಪದ್ಧತಿಯನ್ನು ನೋಡಬೇಕು. ಜಿ.ಕೆ. ವೆಂಕಟೇಶ್, ವಿಜಯಭಾಸ್ಕರ್, ರಾಜನ್–ನಾಗೇಂದ್ರ, ಎಂ. ರಂಗರಾವ್, ಉಪೇಂದ್ರಕುಮಾರ್ ಮೊದಲಾದವರು ಮಟ್ಟು ಹಾಕುತ್ತಿದ್ದರು. ಚಿ. ಉದಯಶಂಕರ್, ವಿಜಯನಾರಸಿಂಹ, ಆರ್.ಎನ್. ಜಯಗೋಪಾಲ್ ಮುಂತಾದವರು ಅದಕ್ಕೆ ಮಾತು ಹೊಂದಿಸುತ್ತಿದ್ದರು. ಈ ವ್ಯವಸ್ಥೆ ಕನ್ನಡಕ್ಕೆ ಅಮೂಲ್ಯ ಗೀತೆಗಳನ್ನು ಕೊಟ್ಟಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಮಟ್ಟು ಮೊದಲೇ ಸಿದ್ಧವಾಗಿದ್ದರೆ ಕವಿ ಅದರ ಮಾತ್ರೆಗಳ ಲೆಕ್ಕಕ್ಕೆ ಬದ್ಧ. ಒಂದು ಪದ ಉದ್ದವಾದರೆ ಆತ ಪದವನ್ನು ಬದಲಿಸಬೇಕೇ ಹೊರತು ರಾಗವನ್ನಲ್ಲ. ಎರಡೂ ಒಬ್ಬರ ಕೈಯಲ್ಲಿದ್ದರೆ ಈ ಕಟ್ಟು ಸಡಿಲವಾಗುತ್ತದೆ. ಮಾತಿಗೆ ಬೇಕಾದರೆ ಮಟ್ಟು ಬಾಗುತ್ತದೆ, ಮಟ್ಟಿಗೆ ಬೇಕಾದರೆ ಮಾತು ಒಡೆಯುತ್ತದೆ.

1987ರ ‘ಪ್ರೇಮಲೋಕ’ದಲ್ಲಿ ಆದದ್ದು ಇದೇ. ರವಿಚಂದ್ರನ್ ನಿರ್ದೇಶಿಸಿ ನಟಿಸಿದ, ಜೂಹಿ ಚಾವ್ಲಾ ನಾಯಕಿಯಾಗಿದ್ದ ಈ ಚಿತ್ರದಲ್ಲಿ ಹತ್ತರಷ್ಟು ಹಾಡುಗಳಿದ್ದವು. ಕಥೆಯನ್ನು ಹೆಚ್ಚಿನ ಮಟ್ಟಿಗೆ ಹೊತ್ತವು ಆ ಹಾಡುಗಳೇ. ನಾಯಕ ಪ್ರಶ್ನೆ ಎಸೆಯುತ್ತಾನೆ, ನಾಯಕಿ ಉತ್ತರಿಸುತ್ತಾಳೆ, ಗೆಳೆಯರ ಗುಂಪು ನಡುವೆ ಬಾಯಿ ಹಾಕುತ್ತದೆ. ಗ್ರಾಂಥಿಕ ಪದಗಳ ಜಾಗಕ್ಕೆ ಕಾಲೇಜು ಕಾರಿಡಾರಿನ ಆಡುಮಾತು ಬಂದಿತು. ಲಹರಿ ಸಂಸ್ಥೆ ಹೊರತಂದ ಕ್ಯಾಸೆಟ್ಟು ಹೋಟೆಲು, ಬಸ್ಸು, ಮದುವೆ ಮಂಟಪಗಳಲ್ಲೆಲ್ಲ ಮೊಳಗಿತು. ಆ ಕಾಲದಲ್ಲಿ ಹರೆಯದಲ್ಲಿದ್ದ ಓದುಗರಿಗೆ ಇದನ್ನು ವಿವರಿಸಬೇಕಾದ ಅಗತ್ಯವಿಲ್ಲ.

ಮುಂದಿನ ವರ್ಷಗಳು ಧಾವಂತದವು. ‘ರಣಧೀರ’, ‘ರಣರಂಗ’, ‘ಅವನೇ ನನ್ನ ಗಂಡ’, ‘ಕಿಂದರಿಜೋಗಿ’, ‘ರಾಮಾಚಾರಿ’, ‘ಹಳ್ಳಿ ಮೇಷ್ಟ್ರು’, ‘ಬೆಳ್ಳಿ ಕಾಲುಂಗುರ’, ‘ಚೈತ್ರದ ಪ್ರೇಮಾಂಜಲಿ’... ಪಟ್ಟಿ ಬೆಳೆಯುತ್ತಲೇ ಹೋಗುತ್ತದೆ. ಇವುಗಳ ನಡುವೆ ಒಂದು ಸಾಲು ಹೆಚ್ಚಾಗಿ ಹೇಳಬೇಕಾದದ್ದು 1993ರ ‘ಆಕಸ್ಮಿಕ’ದ ಬಗ್ಗೆ. ತ.ರಾ.ಸು. ಕಾದಂಬರಿಗಳನ್ನು ಆಧರಿಸಿ ಟಿ.ಎಸ್. ನಾಗಾಭರಣ ನಿರ್ದೇಶಿಸಿದ ಈ ಚಿತ್ರದಲ್ಲಿ ಡಾ. ರಾಜ್‌ಕುಮಾರ್ ಹಾಡಿದ ಜಟಕಾ ಬಂಡಿಯ ಗೀತೆ ಇಂದು ರಾಜ್ಯೋತ್ಸವದ ಅನಧಿಕೃತ ನಾಡಗೀತೆಯಂತಾಗಿದೆ. ನವೆಂಬರ್ ತಿಂಗಳಿಡೀ ಯಾವ ಬಡಾವಣೆಯ ಧ್ವನಿವರ್ಧಕವೂ ಅದನ್ನು ಬಿಡುವುದಿಲ್ಲ.

ವಾದ್ಯ ಜೋಡಣೆಯ ವಿಷಯ ಹೆಚ್ಚು ಚರ್ಚೆಯಾಗುವುದಿಲ್ಲ. ಕೇಳುಗನ ಕಿವಿಗೆ ಮೊದಲು ಬೀಳುವುದು ಗಾಯಕನ ಕಂಠ, ಆಮೇಲೆ ಸಾಹಿತ್ಯ. ಆದರೆ ಪಲ್ಲವಿಗೂ ಚರಣಕ್ಕೂ ನಡುವಿನ ಆ ಕೆಲವು ಸೆಕೆಂಡುಗಳಲ್ಲಿ ಪಿಟೀಲುಗಳ ಗುಂಪು ಎಲ್ಲಿ ಏರಬೇಕು, ಕೊಳಲು ಎಲ್ಲಿ ಒಂಟಿಯಾಗಿ ನಿಲ್ಲಬೇಕು, ತಬಲಾ ನಿಂತು ಡ್ರಮ್ಸ್ ಎಲ್ಲಿ ಶುರುವಾಗಬೇಕು ಎಂದು ಯಾರಾದರೂ ಬರೆದಿಡಬೇಕು. ಹಂಸಲೇಖರ ಕೆಲಸದಲ್ಲಿ ತಮಟೆಯ ಬಡಿತ ಮತ್ತು ಎಲೆಕ್ಟ್ರಾನಿಕ್ ಕೀಬೋರ್ಡು ಒಂದೇ ಹಾಡಿನಲ್ಲಿ ಮುಜುಗರವಿಲ್ಲದೆ ಕೂಡುತ್ತಿದ್ದವು. ಹಳ್ಳಿಯ ಕಥೆಗೂ ಪೇಟೆಯ ಕಥೆಗೂ ಅವರು ಸಲ್ಲಲು ಇದೇ ಕಾರಣ.

ಹೀಗೆಂದು ಎಲ್ಲವೂ ಚಿನ್ನವೆಂದೇನಲ್ಲ. ವರ್ಷಕ್ಕೆ ಹಲವಾರು ಚಿತ್ರಗಳಿಗೆ ದುಡಿಯುವಾಗ ಪ್ರಾಸವೇ ಸಾಹಿತ್ಯವೆಂಬ ಭ್ರಮೆ ಬಂದದ್ದುಂಟು, ದ್ವಂದ್ವಾರ್ಥದ ಗೀತೆಗಳಿಗೆ ಟೀಕೆ ಎದುರಾದದ್ದೂ ಉಂಟು. ಟೀಕೆಯಲ್ಲಿ ಹುರುಳಿಲ್ಲದಿಲ್ಲ. 1990ರ ದಶಕ ಮುಗಿಯುವ ಹೊತ್ತಿಗೆ ರವಿಚಂದ್ರನ್ ಜೋಡಿಯೂ ಬೇರ್ಪಟ್ಟಿತು. ರವಿಚಂದ್ರನ್ ತಾವೇ ಸಂಗೀತ ನಿರ್ದೇಶನಕ್ಕೆ ಇಳಿದರು. 2005ರ ‘ನೆನಪಿರಲಿ’ ಹಂಸಲೇಖರ ಕಸುವು ಬತ್ತಿಲ್ಲವೆಂದು ತೋರಿಸಿತಾದರೂ, ಮರುವರ್ಷದ ‘ಮುಂಗಾರು ಮಳೆ’ಯೊಂದಿಗೆ ಗಾಳಿ ಬೇರೆ ದಿಕ್ಕಿಗೆ ತಿರುಗಿತು. ಮನೋಮೂರ್ತಿ ಸಂಗೀತ, ಜಯಂತ ಕಾಯ್ಕಿಣಿ ಮತ್ತು ಯೋಗರಾಜ ಭಟ್ಟರ ಸಾಹಿತ್ಯ. ಮಾತು ಮತ್ತು ಮಟ್ಟು ಮತ್ತೆ ಎರಡು ಮನೆಗಳಾದವು.

ದೇಸಿ ವಿದ್ಯಾಸಂಸ್ಥೆಯ ಹಿಂದಿರುವ ಚಿಂತನೆಯನ್ನು ಹಂಸಲೇಖ ‘ಐದನಿ’ ಎಂದು ಕರೆದಿದ್ದಾರೆ. ಹೆಸರೇ ಹೇಳುವಂತೆ ಇದು ಐದು ದನಿಗಳ ಪಾಠ. ಜನಪದ ಸಂಗೀತದ ತಳಹದಿ ಐದು ಸ್ವರಗಳು, ಆದ್ದರಿಂದ ಕಲಿಕೆ ಅಲ್ಲಿಂದಲೇ ಆರಂಭವಾಗಬೇಕು ಎಂಬುದು ಅದರ ಸಾರ. ಶಾಸ್ತ್ರೀಯ ಪರಿಭಾಷೆಯಲ್ಲಿ ಇವು ಔಡವ ರಾಗಗಳು. ಮೋಹನ, ಮಧ್ಯಮಾವತಿ, ಹಿಂದೋಳ ಪರಿಚಿತ ಉದಾಹರಣೆಗಳು. ಹನ್ನೆರಡು ಸ್ವರಸ್ಥಾನಗಳಲ್ಲಿ ಅಕ್ಕಪಕ್ಕದ ಎರಡು ಒಟ್ಟಿಗೆ ನುಡಿದರೆ ಕಿವಿಗೆ ಕಚ್ಚುತ್ತದೆ. ಮೋಹನದಂಥ ರಾಗದಲ್ಲಿ ಅಂಥ ನೆರೆಹೊರೆಯೇ ಇಲ್ಲ. ತಾಲೀಮಿಲ್ಲದ ಇಪ್ಪತ್ತು ಜನ ಸೋಬಾನೆಯನ್ನೋ ನಾಟಿಯ ಹಾಡನ್ನೋ ಒಟ್ಟಿಗೆ ಹಾಡಿದರೂ ಅಪಸ್ವರ ಅಷ್ಟಾಗಿ ಕಾಣದಿರಲು ಇದೂ ಒಂದು ಕಾರಣ.

ಸ್ಥಳದ ಆಯ್ಕೆಯೂ ಔಚಿತ್ಯಪೂರ್ಣ. 2007ರಲ್ಲಿ ರಾಮನಗರ ಜಿಲ್ಲೆಯಾಗಿ ರೂಪುಗೊಂಡು, 2025ರ ಮೇ ತಿಂಗಳಲ್ಲಿ ರಾಜ್ಯ ಸಂಪುಟ ಬೆಂಗಳೂರು ದಕ್ಷಿಣವೆಂದು ಹೆಸರು ಬದಲಿಸಲು ತೀರ್ಮಾನಿಸಿದ ಈ ಸೀಮೆಯಲ್ಲಿ, ಅಂದರೆ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳಲ್ಲಿ, ಪೂಜಾ ಕುಣಿತ, ಪಟದ ಕುಣಿತ, ವೀರಗಾಸೆ, ತಮಟೆಯ ಮೇಳಗಳು ಜಾತ್ರೆಗಳಲ್ಲಿ ಜೀವಂತವಾಗಿವೆ. ಹೆದ್ದಾರಿಯ ಬದಿಯಲ್ಲೇ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕವಿದೆ. ಅಲ್ಲಿ ವಾದ್ಯಗಳು, ಪರಿಕರಗಳು, ದನಿಮುದ್ರಣಗಳು ರಕ್ಷಣೆ ಪಡೆದಿವೆ. ವಸ್ತುಗಳನ್ನು ಕಾಪಾಡುವುದು ಒಂದು ಕೆಲಸವಾದರೆ, ಅವನ್ನು ನುಡಿಸುವ ಕೈಗಳನ್ನು ತಯಾರು ಮಾಡುವುದು ಇನ್ನೊಂದು. ದೇಸಿ ಶಾಲೆ ಹೊರಟದ್ದು ಎರಡನೆಯದಕ್ಕೆ. ತಮಟೆ ಬಡಿಯುವ ತಂದೆಯ ಮಗ ಬೆಂಗಳೂರಿನ ಕಾರ್ಖಾನೆಯ ಪಾಳಿಗೆ ಹೋಗುವ ಕಾಲವಿದು. ಕಲಿತ ಕಲೆಗೆ ಒಂದು ಪ್ರಮಾಣಪತ್ರ, ಅದರ ಬೆನ್ನಿಗೆ ಒಂದು ಉದ್ಯೋಗ ದೊರೆಯದಿದ್ದರೆ ಆತನನ್ನು ಮೇಳದಲ್ಲಿ ಉಳಿಸುವುದು ಕಷ್ಟ. ಈ ಪ್ರಶ್ನೆಯನ್ನು ಒಂದು ಶಾಲೆಯ ಹೆಗಲಿಗೆ ಹೊರಿಸಿ ಸರ್ಕಾರ, ವಿಶ್ವವಿದ್ಯಾಲಯಗಳು ಸುಮ್ಮನಿರುವಂತಿಲ್ಲ.

2023ರ ಅಕ್ಟೋಬರ್ 15ರಂದು ಮೈಸೂರು ದಸರಾವನ್ನು ಚಾಮುಂಡಿ ಬೆಟ್ಟದಲ್ಲಿ ಉದ್ಘಾಟಿಸಿದವರು ಹಂಸಲೇಖ. ದೂರದರ್ಶನದ ಮುಂದೆ ಬೆಳೆದ ಪೀಳಿಗೆಗೆ ಅವರು ‘ಸರಿಗಮಪ’ ಕಾರ್ಯಕ್ರಮದ ಮಹಾಗುರು.

ಐದು ಸ್ವರದ ವಾದವನ್ನು ಮುಂದಿಡುವ ಈ ಸಂಗೀತಗಾರರಿಗೆ ರಾಷ್ಟ್ರಪ್ರಶಸ್ತಿ ತಂದುಕೊಟ್ಟದ್ದು ಮಾತ್ರ ಬೇರೆಯೇ ಬಗೆಯ ಕೃತಿ. ಗದುಗಿನ ಅಂಧ ಗಾಯಕ ಪಂಚಾಕ್ಷರಿ ಗವಾಯಿಗಳ ಜೀವನವನ್ನು ಆಧರಿಸಿದ ‘ಸಂಗೀತ ಸಾಗರ ಗಾನಯೋಗಿ ಪಂಚಾಕ್ಷರ ಗವಾಯಿ’ 1995ನೇ ಸಾಲಿನ ಶ್ರೇಷ್ಠ ಸಂಗೀತ ನಿರ್ದೇಶನ ಪ್ರಶಸ್ತಿಗೆ ಪಾತ್ರವಾಯಿತು. ಅದೇ ಚಿತ್ರದ ಗಾಯನಕ್ಕೆ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರಿಗೂ ರಾಷ್ಟ್ರಪ್ರಶಸ್ತಿ ಬಂದಿತು. ಅಲ್ಲಿರುವುದು ಹಿಂದೂಸ್ತಾನಿ ರಾಗಗಳ ವಿಸ್ತಾರ, ಗುರುಕುಲದ ಕಟ್ಟುನಿಟ್ಟು. ಐದನಿಯ ಪಾಠ ಕೇಳುವ ವಿದ್ಯಾರ್ಥಿ ಆ ಹಾಡುಗಳನ್ನೂ ಒಮ್ಮೆ ಕೇಳಿದರೆ, ಗುರುಗಳ ಬಳಿ ಕೇಳಬೇಕಾದ ಒಳ್ಳೆಯ ಪ್ರಶ್ನೆಯೊಂದು ಆತನಿಗೆ ತಾನಾಗಿಯೇ ಸಿಕ್ಕೀತು.