ಉಚಿತ ನೇತ್ರ ಶಿಬಿರಗಳೂ ಆತಿಥೇಯರ ಹೊಣೆಯೂ

ನಮ್ಮ ಮಠಗಳಲ್ಲಿ ಅನ್ನದಾಸೋಹ, ಜ್ಞಾನದಾಸೋಹಗಳ ಜೊತೆಗೆ ಆರೋಗ್ಯಸೇವೆಯೂ ಸೇರಿಕೊಂಡು ಹಲವು ದಶಕಗಳು ಸಂದಿವೆ. ಜಾತ್ರೆ, ಬಸವಜಯಂತಿ, ಹಿರಿಯ ಶ್ರೀಗಳವರ ಪುಣ್ಯಸ್ಮರಣೆ, ಶಾಲೆಯ ವಾರ್ಷಿಕೋತ್ಸವ, ಯಾವ ಸಮಾರಂಭದ ಕರಪತ್ರವನ್ನು ತೆರೆದು ನೋಡಿದರೂ ‘ಉಚಿತ ನೇತ್ರ ತಪಾಸಣೆ ಮತ್ತು ಶಸ್ತ್ರಚಿಕಿತ್ಸಾ ಶಿಬಿರ’ ಎಂಬ ಸಾಲು ಕಣ್ಣಿಗೆ ಬೀಳುವುದುಂಟು. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಸೀಮೆಯ ಜನರಿಗೆ ಇದು ಹೊಸತಲ್ಲ. ಶಾಲೆಯ ಕೊಠಡಿಯೇ ತಪಾಸಣೆಯ ಸ್ಥಳ, ಉಪಾಧ್ಯಾಯರೇ ಸ್ವಯಂಸೇವಕರು, ಹಳೆಯ ವಿದ್ಯಾರ್ಥಿಗಳೇ ಊರೂರಿಗೆ ಹೋಗಿ ವೃದ್ಧರನ್ನು ಕರೆತರುವವರು, ಖರ್ಚುವೆಚ್ಚ ದಾನಿಗಳದು. ಹೀಗಿರುವಾಗ ಇಂತಹ ಶಿಬಿರವೊಂದರಲ್ಲಿ ಅನಾಹುತ ಸಂಭವಿಸಿದರೆ ಅದಕ್ಕೆ ಹೊಣೆ ಯಾರು ಎಂಬ ಪ್ರಶ್ನೆ ವೈದ್ಯರಿಗೆ ಮಾತ್ರ ಸಂಬಂಧಿಸಿದ್ದಲ್ಲ. ಈ ಸಂಚಿಕೆಯನ್ನು ಕೈಯಲ್ಲಿ ಹಿಡಿದಿರುವ ನಮಗೆಲ್ಲರಿಗೂ ಸಂಬಂಧಿಸಿದ್ದು.

ಸಾಮೂಹಿಕ ನೇತ್ರ ಶಸ್ತ್ರಚಿಕಿತ್ಸೆಯ ಮಾತು ಬಂದಾಗ ಕನ್ನಡಿಗರಿಗೆ ಮೊದಲು ನೆನಪಾಗುವ ಹೆಸರು ಡಾ. ಎಂ. ಸಿ. ಮೋದಿಯವರದು. ಇಂದಿನ ಬಾಗಲಕೋಟೆ ಜಿಲ್ಲೆಯ ಬೀಳಗಿಯಲ್ಲಿ 1916ರಲ್ಲಿ ಜನಿಸಿದ ಅವರು 1943ರಿಂದ ಹಳ್ಳಿ ಹಳ್ಳಿ ತಿರುಗಿ, ಆಸ್ಪತ್ರೆಯ ಮುಖವನ್ನೇ ಕಾಣದಿದ್ದ ಬಡವರ ಕಣ್ಣಿಗೆ ಬೆಳಕು ಕೊಟ್ಟರು. 1956ರಲ್ಲಿ ಪದ್ಮಶ್ರೀ, 1968ರಲ್ಲಿ ಪದ್ಮಭೂಷಣ ಪ್ರಶಸ್ತಿಗಳು ಅವರಿಗೆ ಸಂದವು. 1993ರ ಫೆಬ್ರವರಿಯವರೆಗೆ ಅವರು ಮಾಡಿದ ಶಸ್ತ್ರಚಿಕಿತ್ಸೆಗಳು 6,10,564 ಎಂದೂ, ಒಂದೇ ದಿನದಲ್ಲಿ 833 ಮಂದಿಯ ಪೊರೆ ತೆಗೆದರೆಂದೂ ಗಿನ್ನೆಸ್ ದಾಖಲೆಗಳ ಗ್ರಂಥದಲ್ಲಿ ನಮೂದಾಗಿದೆ. ದಿನಕ್ಕೆ ಹನ್ನೆರಡು ಗಂಟೆಯ ದುಡಿಮೆ ಎಂದು ಲೆಕ್ಕ ಹಿಡಿದರೂ ಒಂದು ಕಣ್ಣಿಗೆ ಪೂರ್ತಿ ಒಂದು ನಿಮಿಷವೂ ದೊರೆಯಲಿಲ್ಲವೆಂದಾಯಿತು. ಆ ಕಾಲದ ಅಗತ್ಯವೂ ಅವರ ಕೈಚಳಕವೂ ಅಂತಹವು. ಅವರನ್ನು ಆಕ್ಷೇಪಿಸುವುದು ಈ ಲೇಖನದ ಉದ್ದೇಶವಲ್ಲ. ಆದರೆ ಅವರ ಸೇವೆಯಿಂದ ನಾವು ಕಲಿತದ್ದಕ್ಕಿಂತ ಅವರ ಸಂಖ್ಯೆಗೆ ನಾವು ಮರುಳಾದದ್ದೇ ಹೆಚ್ಚು ಎಂದು ಹೇಳದೆ ವಿಧಿಯಿಲ್ಲ. ಕಳೆದ ವರ್ಷ ನೂರು, ಈ ವರ್ಷ ಇನ್ನೂರು ಎಂದು ವೇದಿಕೆಯ ಮೇಲೆ ಘೋಷಿಸುವುದು ವಾಡಿಕೆಯಾಗಿಬಿಟ್ಟಿದೆ. ಆ ಇನ್ನೂರರಲ್ಲಿ ಎಷ್ಟು ಮಂದಿಗೆ ಕಣ್ಣು ಕಂಡಿತೆಂಬುದನ್ನು ಯಾರೂ ಕೇಳುವುದಿಲ್ಲ.

ಕಣ್ಣಿನ ಪೊರೆಯೆಂದರೆ ಹೊರಗಿನಿಂದ ಬೆಳೆದ ತೆರೆಯೆಂದು ಹಲವರು ಭಾವಿಸುತ್ತಾರೆ. ವಾಸ್ತವವಾಗಿ ಪಾಪೆಯ ಹಿಂದೆ ಹುಟ್ಟಿನಿಂದಲೇ ಇರುವ ಪಾರದರ್ಶಕ ಮಸೂರವು ವಯೋಧರ್ಮದಿಂದ ಮಬ್ಬಾಗುವುದೇ ಪೊರೆ. ಹಿಂದಿನ ಶಿಬಿರಗಳಲ್ಲಿ ಆ ಮಸೂರವನ್ನು ಅದರ ಕೋಶದೊಡನೆ ಹೊರತೆಗೆದು, ರೋಗಿಯನ್ನು ತಲೆ ಅಲುಗಿಸದಂತೆ ಹಲವು ದಿನ ಮಲಗಿಸಿ, ಕೊನೆಗೆ ದಪ್ಪ ಗಾಜಿನ ಕನ್ನಡಕವನ್ನು ಕೊಡುತ್ತಿದ್ದರು. 1949ರಲ್ಲಿ ಲಂಡನ್ನಿನಲ್ಲಿ ಹೆರಾಲ್ಡ್ ರಿಡ್ಲಿ ಎಂಬ ವೈದ್ಯರು ಕಣ್ಣಿನೊಳಗೆ ಕೃತಕ ಮಸೂರವನ್ನು ಮೊದಲ ಬಾರಿಗೆ ಇರಿಸಿದರು. ಆ ಕ್ರಮ ನಮ್ಮ ಹಳ್ಳಿಗಳನ್ನು ತಲುಪಲು ನಾಲ್ಕು ದಶಕಗಳಿಗೂ ಮಿಕ್ಕು ಹಿಡಿಯಿತು. ಈಗ ಕೆಲವೇ ನಿಮಿಷಗಳಲ್ಲಿ ಕೆಲಸ ಮುಗಿದು, ರೋಗಿ ಮರುದಿನವೇ ಮನೆಗೆ ಹೊರಡುತ್ತಾನೆ.

ವಿಧಾನ ಯಾವುದಾದರೂ ಕಣ್ಣನ್ನು ತೆರೆಯಲೇಬೇಕು; ತೆರೆದ ಕಣ್ಣಿನೊಳಗೆ ದ್ರವವನ್ನು ಹಾಯಿಸಲೇಬೇಕು. ಅಪಾಯವಿರುವುದು ಇಲ್ಲಿಯೇ. ಕೈಬೆರಳಿಗೆ ಗಾಯವಾದರೆ ಕೂಡಲೇ ರಕ್ತವು ಅಲ್ಲಿಗೆ ಹರಿದು ರೋಗಾಣುಗಳೊಡನೆ ಹೋರಾಡುತ್ತದೆ. ಕಣ್ಣುಗುಡ್ಡೆಯ ಒಳಗಿನ ಲೋಳೆಯಂತಹ ಪದಾರ್ಥದಲ್ಲಿ ರಕ್ತನಾಳಗಳಿಲ್ಲ. ಅಲ್ಲಿಗೆ ಸೇರಿದ ಬ್ಯಾಕ್ಟೀರಿಯಾಗಳಿಗೆ ಅದು ಪ್ರಯೋಗಾಲಯದ ಗಾಜಿನ ತಟ್ಟೆಯಿದ್ದಂತೆ. ನುಂಗಿದ ಮಾತ್ರೆಯಾಗಲಿ, ತೋಳಿಗೆ ಚುಚ್ಚಿದ ಸೂಜಿಮದ್ದಾಗಲಿ ಅಲ್ಲಿಗೆ ಸಾಕಷ್ಟು ತಲುಪದು. ಔಷಧವನ್ನು ನೇರವಾಗಿ ಕಣ್ಣಿನೊಳಕ್ಕೇ ಚುಚ್ಚಬೇಕು, ಅದೂ ತಡಮಾಡದೆ. ಉತ್ತಮ ಆಸ್ಪತ್ರೆಗಳಲ್ಲಿ ಇಂತಹ ಸೋಂಕು ಸಾವಿರಕ್ಕೆ ಒಬ್ಬರಿಗಿಂತಲೂ ಕಡಿಮೆ ಮಂದಿಗೆ ತಗಲುತ್ತದೆ. ಹಾಗೆ ಒಬ್ಬಿಬ್ಬರಿಗೆ ಎಂದೋ ಆದರೆ ಅದು ದುರದೃಷ್ಟವೆನ್ನಬಹುದು. ಒಂದೇ ದಿನ, ಒಂದೇ ಮೇಜಿನ ಮೇಲೆ ಮಲಗಿದ ಹಲವರಿಗೆ ಆದಾಗ ಅದನ್ನು ದೈವದ ಮೇಲೆ ಹೊರಿಸಲಾಗದು. ಎಲ್ಲರ ಕಣ್ಣಿಗೂ ತಾಗಿದ ಯಾವುದೋ ಒಂದು ವಸ್ತು ಕೆಟ್ಟಿತ್ತೆಂದೇ ಅರ್ಥ.

ಉತ್ತರ ಪ್ರದೇಶದ ಖುರ್ಜಾ ಪಟ್ಟಣದಲ್ಲಿ ನಡೆದದ್ದು ಇದೇ. 1986ರ ಏಪ್ರಿಲ್ ತಿಂಗಳಲ್ಲಿ ಅಲ್ಲಿನ ಲಯನ್ಸ್ ಕ್ಲಬ್ಬಿನವರು ಏರ್ಪಡಿಸಿದ್ದ ನೇತ್ರ ಶಿಬಿರದಲ್ಲಿ 108 ಮಂದಿಗೆ ಶಸ್ತ್ರಚಿಕಿತ್ಸೆಯಾಯಿತು. ಅವರಲ್ಲಿ 88 ಮಂದಿ ಪೊರೆಯವರು. 84 ಮಂದಿಯ ಶಸ್ತ್ರಚಿಕಿತ್ಸೆಯಾದ ಕಣ್ಣು ಶಾಶ್ವತವಾಗಿ ಹೋಯಿತು. ಶಸ್ತ್ರಚಿಕಿತ್ಸೆಯ ವೇಳೆಯಲ್ಲಿ ಕಣ್ಣು ತೊಳೆಯಲು ಬಳಸಿದ ಸಲೈನ್ ದ್ರವದಿಂದಲೇ ಸೋಂಕು ಹರಡಿತೆಂದು ವಿಚಾರಣೆಯಲ್ಲಿ ತಿಳಿದುಬಂದಿತು. ಸಾಮಾನ್ಯ ಉಪ್ಪುನೀರು! ವೈದ್ಯರು ಅನನುಭವಿಗಳಾಗಿರಲಿಲ್ಲ, ಏರ್ಪಡಿಸಿದವರ ಮನಸ್ಸಿನಲ್ಲಿ ಕೆಡುಕಿರಲಿಲ್ಲ. ವಿಷಯ ಸಾರ್ವಜನಿಕ ಹಿತಾಸಕ್ತಿಯ ಅರ್ಜಿಯಾಗಿ ಸುಪ್ರೀಂ ಕೋರ್ಟಿಗೆ ಹೋಯಿತು. 1989ರ ಮೇ 12ರಂದು ಎ. ಎಸ್. ಮಿತ್ತಲ್ ವಿರುದ್ಧ ಉತ್ತರ ಪ್ರದೇಶ ರಾಜ್ಯ ಎಂಬ ಆ ಮೊಕದ್ದಮೆಯಲ್ಲಿ ತೀರ್ಪು ಹೊರಬಿದ್ದಿತು. ಅದುವರೆಗೆ ಕೊಟ್ಟಿದ್ದ 5,000 ರೂಪಾಯಿಗಳ ಜೊತೆಗೆ ತಲಾ 12,500 ರೂಪಾಯಿಗಳನ್ನು ಸಂತ್ರಸ್ತರಿಗೆ ಕೊಡಬೇಕೆಂದು ನ್ಯಾಯಾಲಯವು ರಾಜ್ಯ ಸರ್ಕಾರಕ್ಕೆ ಆದೇಶಿಸಿತು. ಒಂದು ಕಣ್ಣಿಗೆ ಒಟ್ಟು ಹದಿನೇಳೂವರೆ ಸಾವಿರ. ಆಗಿನ ಕಾಲಕ್ಕೂ ಅದು ದೊಡ್ಡ ಮೊತ್ತವೇನಲ್ಲ.

ಕೇಂದ್ರ ಸರ್ಕಾರದ ಅಂಧತ್ವ ನಿಯಂತ್ರಣ ಕಾರ್ಯಕ್ರಮ 1976ರಲ್ಲಿ ಆರಂಭವಾದಾಗ ಶಿಬಿರಗಳೇ ಅದರ ಬೆನ್ನೆಲುಬಾಗಿದ್ದವು. 1994ರಲ್ಲಿ ವಿಶ್ವಬ್ಯಾಂಕಿನ ನೆರವಿನ ಯೋಜನೆ ಏಳು ರಾಜ್ಯಗಳಲ್ಲಿ ಮೊದಲಾದ ಮೇಲೆ ರೀತಿ ಬದಲಾಯಿತು. ಕರ್ನಾಟಕ ಆ ಏಳರಲ್ಲಿ ಸೇರಿರಲಿಲ್ಲವಾದರೂ ಬದಲಾವಣೆ ಇಲ್ಲಿಗೂ ಬಂದಿತು. ಹಳ್ಳಿಯಲ್ಲಿ ತಪಾಸಣೆ ಮಾತ್ರ, ಶಸ್ತ್ರಚಿಕಿತ್ಸೆ ಸುಸಜ್ಜಿತವಾದ ಆಸ್ಪತ್ರೆಯಲ್ಲಿ ಎಂಬುದು ಈಗಿನ ನಿಯಮ. ಡಾ. ಜಿ. ವೆಂಕಟಸ್ವಾಮಿಯವರು 1976ರಲ್ಲಿ ಮಧುರೆಯಲ್ಲಿ ಸ್ಥಾಪಿಸಿದ ಅರವಿಂದ ಕಣ್ಣಾಸ್ಪತ್ರೆಯವರು ಈ ಕ್ರಮವನ್ನು ಬಹುಕಾಲದಿಂದ ಯಶಸ್ವಿಯಾಗಿ ನಡೆಸಿಕೊಂಡು ಬಂದಿದ್ದಾರೆ. ಶಾಲಾ ಕೊಠಡಿಯಲ್ಲಿ ಬೆಂಚುಗಳನ್ನು ಜೋಡಿಸಿ, ಉಪಕರಣಗಳನ್ನು ಪಾತ್ರೆಯಲ್ಲಿ ಕುದಿಸಿ ಕಣ್ಣು ಕೊಯ್ಯುವ ಕಾಲ ಹೋದದ್ದು ಒಳ್ಳೆಯದೇ ಆಯಿತು. ಕುದಿಯುವ ನೀರು ಎಲ್ಲ ರೋಗಾಣುಗಳನ್ನೂ ಕೊಲ್ಲದು. ಸಮುದ್ರಮಟ್ಟದಿಂದ ಸುಮಾರು 900 ಮೀಟರು ಎತ್ತರದಲ್ಲಿರುವ ನಮ್ಮ ಸೀಮೆಯಲ್ಲಂತೂ ನೀರು 97 ಡಿಗ್ರಿಗೇ ಕುದಿಯುತ್ತದೆಂಬುದನ್ನು ವಿಜ್ಞಾನದ ಉಪಾಧ್ಯಾಯರು ಬಲ್ಲರು. ಹಬೆಯ ಒತ್ತಡದ ಆಟೋಕ್ಲೇವಿನಲ್ಲಿ 121 ಡಿಗ್ರಿ ಉಷ್ಣತೆಗೆ ಕನಿಷ್ಠ ಹದಿನೈದು ನಿಮಿಷ ಇರಿಸಿದಾಗಲೇ ಉಪಕರಣ ಶುದ್ಧವಾಯಿತೆಂದು ಹೇಳಬಹುದು.

ಆದರೆ ಆಸ್ಪತ್ರೆಯ ಗೋಡೆಗಳೇ ರಕ್ಷಣೆಯಲ್ಲ. 2008ರ ಜುಲೈ ತಿಂಗಳಲ್ಲಿ ತಮಿಳುನಾಡಿನ ವಿಳುಪ್ಪುರಂ ಜಿಲ್ಲೆಯ ಹಳ್ಳಿಯೊಂದರ ಶಿಬಿರದಿಂದ ಪೆರಂಬಲೂರಿನ ಆಸ್ಪತ್ರೆಗೆ ಕರೆದೊಯ್ದವರಲ್ಲಿ 60ಕ್ಕೂ ಹೆಚ್ಚು ಮಂದಿ ದೃಷ್ಟಿ ಕಳೆದುಕೊಂಡರು. 2021ರ ನವೆಂಬರಿನಲ್ಲಿ ಬಿಹಾರದ ಮುಜಫ್ಫರಪುರದ ಕಣ್ಣಾಸ್ಪತ್ರೆಯೊಂದರಲ್ಲಿ ಒಂದೇ ದಿನ 65 ಮಂದಿಗೆ ಶಸ್ತ್ರಚಿಕಿತ್ಸೆಯಾಗಿ, ಹಲವರ ಕಣ್ಣುಗುಡ್ಡೆಯನ್ನೇ ತೆಗೆದುಹಾಕಬೇಕಾಯಿತು. ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ನಮ್ಮ ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆ ಶತಮಾನಕ್ಕೂ ಮಿಕ್ಕಿದ ಹೆಸರುಳ್ಳದ್ದು. ಈ ಸೀಮೆಯ ಎಷ್ಟೋ ಹಿರಿಯರಿಗೆ ಕಣ್ಣು ಕೊಟ್ಟ ಸಂಸ್ಥೆ. ಅಲ್ಲಿ 2019ರ ಜುಲೈ 9ರಂದು ಪೊರೆಯ ಶಸ್ತ್ರಚಿಕಿತ್ಸೆಗೆ ಒಳಗಾದ 20ಕ್ಕೂ ಹೆಚ್ಚು ಮಂದಿಯಲ್ಲಿ ಬಹುತೇಕರಿಗೆ ತೊಂದರೆ ಕಾಣಿಸಿಕೊಂಡು, 10 ಮಂದಿ ಒಂದು ಕಣ್ಣಿನ ದೃಷ್ಟಿಯನ್ನು ಕಳೆದುಕೊಂಡರು. ಶಸ್ತ್ರಚಿಕಿತ್ಸೆಯ ವೇಳೆ ಕಣ್ಣಿನೊಳಗೆ ತುಂಬುವ ಅಂಟುದ್ರವದಲ್ಲಿ ಬ್ಯಾಕ್ಟೀರಿಯಾ ಸೇರಿತ್ತೆಂದು ವರದಿಯಾಯಿತು. ಆ ವರ್ಷದ ನವೆಂಬರಿನಲ್ಲಿ ಪ್ರತಿಭಟನೆಗೆ ಬಂದವರಿಗೂ ವೈದ್ಯರಿಗೂ ಘರ್ಷಣೆಯಾಗಿ, ವೈದ್ಯರು ಮುಷ್ಕರ ಹೂಡುವಷ್ಟರ ಮಟ್ಟಿಗೆ ಪ್ರಕರಣ ಬೆಳೆಯಿತು. ಆ ಗದ್ದಲದಲ್ಲಿ ಮೊಹರು ಮಾಡಿ ಬಂದ ಬಾಟಲಿಯೂ ಕೆಟ್ಟಿರಬಹುದೆಂಬ ಮುಖ್ಯ ವಿಷಯ ಹಿಂದೆ ಸರಿಯಿತು. ಯಾವ ರೋಗಿಗೆ ಯಾವ ಬ್ಯಾಚಿನ ದ್ರವ ಬಳಸಲಾಯಿತೆಂಬುದನ್ನು ಬರೆದಿಟ್ಟಿದ್ದರೆ ಮಾತ್ರ ದೋಷದ ಮೂಲವನ್ನು ಹಿಡಿಯಲು ಸಾಧ್ಯ.

ಉಚಿತವಾಗಿ ಚಿಕಿತ್ಸೆ ಪಡೆದವನಿಗೆ ಕಾನೂನಿನ ರಕ್ಷಣೆ ಎಷ್ಟರಮಟ್ಟಿಗೆ ಇದೆ? ಇಂಡಿಯನ್ ಮೆಡಿಕಲ್ ಅಸೋಸಿಯೇಷನ್ ವಿರುದ್ಧ ವಿ. ಪಿ. ಶಾಂತಾ ಎಂಬ ಮೊಕದ್ದಮೆಯಲ್ಲಿ 1995ರ ನವೆಂಬರ್ 13ರಂದು ಸುಪ್ರೀಂ ಕೋರ್ಟು ಈ ಬಗ್ಗೆ ವಿವರವಾಗಿ ಹೇಳಿದೆ. ಕೆಲವರಿಂದ ಹಣ ಪಡೆದು ಕೆಲವರಿಗೆ ಉಚಿತವಾಗಿ ಚಿಕಿತ್ಸೆ ನೀಡುವ ಆಸ್ಪತ್ರೆಯಲ್ಲಿ ಉಚಿತ ರೋಗಿಯೂ ಗ್ರಾಹಕನೇ. ಎಲ್ಲರಿಗೂ ಸಂಪೂರ್ಣ ಉಚಿತವಾದಲ್ಲಿ ಮಾತ್ರ ಗ್ರಾಹಕ ನ್ಯಾಯಾಲಯದ ಬಾಗಿಲು ಮುಚ್ಚಿರುತ್ತದೆ. ಸಿವಿಲ್ ದಾವೆಯ ಹಾದಿ ಆಗಲೂ ತೆರೆದೇ ಇರುತ್ತದೆ. ಅಂದರೆ ಪೂರ್ಣ ಧರ್ಮಾರ್ಥವಾದ ಸೇವೆಗೆ ಬಂದ ಅತಿ ಬಡವನಿಗೇ ಪರಿಹಾರದ ದಾರಿ ಅತಿ ದೀರ್ಘ. ಈ ಕೊರತೆಯನ್ನು ಮೊದಲೇ ತುಂಬಿಕೊಡಬೇಕಾದವರು ಶಿಬಿರವನ್ನು ಏರ್ಪಡಿಸಿದವರೇ.

ಕಾನೂನಿಗಿಂತ ದೊಡ್ಡ ತಡೆ ಇನ್ನೊಂದಿದೆ. ನನ್ನ ನೆರೆಮನೆಯ ಅಜ್ಜಿಯೊಬ್ಬರು ಶಿಬಿರವೊಂದರ ಮೂಲಕ ಹೋಗಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಬಂದರು. ಮೂರನೆಯ ದಿನ ಕಣ್ಣು ಕೆಂಪಾಗಿ, ರೆಪ್ಪೆ ಊದಿ, ತಲೆ ಒಡೆಯುವಂತಹ ನೋವು. ಆಕೆ ಯಾರಿಗೂ ಹೇಳಲಿಲ್ಲ. ಏಳನೆಯ ದಿನ ಮಗನಿಗೆ ತಿಳಿದು ಕರೆದೊಯ್ಯುವ ವೇಳೆಗೆ ಕಾಲ ಮಿಂಚಿತ್ತು. ಮೊದಲೇ ಏಕೆ ಹೇಳಲಿಲ್ಲವೆಂದು ಕೇಳಿದಾಗ, ಪುಣ್ಯಾತ್ಮರು ಊಟ ಹಾಕಿ, ಬಸ್ಸಿನಲ್ಲಿ ಕರೆದುಕೊಂಡು ಹೋಗಿ, ಕಂಬಳಿಯನ್ನೂ ಕೊಟ್ಟು ಕಳಿಸಿದರು, ಅವರ ಮೇಲೆ ದೂರು ಹೇಳುವುದು ಹೇಗೆ ಎಂದರು. ಕೃತಜ್ಞತೆಯೇ ಆಕೆಯ ಬಾಯಿ ಕಟ್ಟಿತ್ತು. ಮಠದ ಹೆಸರು, ಶ್ರೀಗಳವರ ಹೆಸರು ಕರಪತ್ರದ ಮೇಲಿದ್ದಷ್ಟೂ ಈ ಸಂಕೋಚ ಹೆಚ್ಚು. ನೋವನ್ನು ಹೇಳುವುದು ದೂರಲ್ಲ, ಹೇಳಲೇಬೇಕು ಎಂಬ ಮಾತು ಬೇರೆಯವರ ಬಾಯಿಂದ ಬಂದರೆ ಸಾಲದು. ಉದ್ಘಾಟನೆಯ ದಿನ ವೇದಿಕೆಯ ಮೇಲಿಂದ ಶ್ರೀಗಳವರ ಬಾಯಿಂದಲೇ ಬಂದರೆ ಅದರ ತೂಕವೇ ಬೇರೆ.

ಹಾಗಾದರೆ ವೈದ್ಯರಲ್ಲದ ನಾವು ಏನು ಮಾಡಬಹುದು? ಶಸ್ತ್ರಕೊಠಡಿಯೊಳಗೆ ಹೋಗಿ ಪರೀಕ್ಷಿಸುವ ಅರ್ಹತೆ ನಮಗಿಲ್ಲ. ಕೇಳುವ ಅಧಿಕಾರವಂತೂ ಇದೆ. ಆಸ್ಪತ್ರೆಯು 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಂತೆ ನೋಂದಣಿಯಾಗಿದೆಯೇ, ಒಬ್ಬ ರೋಗಿಗೆ ಬಳಸಿದ ಉಪಕರಣ ಮತ್ತೊಬ್ಬನಿಗೆ ಹೋಗುವ ಮುನ್ನ ಆಟೋಕ್ಲೇವ್ ಆಗುತ್ತದೆಯೇ, ಅದಕ್ಕೆ ಸಾಕಾಗುವಷ್ಟು ಉಪಕರಣಗಳ ಜೋಡಿಗಳಿವೆಯೇ, ಸೋಂಕು ಕಂಡರೆ ಯಾವ ಹೊತ್ತಿನಲ್ಲಿಯೂ ದಾಖಲಿಸಿಕೊಳ್ಳುವರೇ ಎಂಬುದನ್ನು ಒಡಂಬಡಿಕೆಗೆ ಮೊದಲೇ ಲಿಖಿತವಾಗಿ ಪಡೆಯಬಹುದು. ಒಂದು ದಿನಕ್ಕೆ ಎಷ್ಟು ಮಂದಿಯೆಂಬುದನ್ನು ವೈದ್ಯರು ನಿಶ್ಚಯಿಸಲಿ, ದಾನಿಗಳು ಬೇಡ. ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರನ್ನು, ಕಣ್ಣೀರಿನ ನಾಳದಲ್ಲಿ ಕೀವಿರುವವರನ್ನು ವೈದ್ಯರು ಹಿಂದಕ್ಕೆ ಕಳಿಸಿದಾಗ, ಹಳ್ಳಿಯಿಂದ ಕರೆತಂದವರಿಗೆ ಅವಮಾನವಾದಂತೆ ತೋರುವುದುಂಟು. ‘ಒಬ್ಬರೇ ತಾನೆ, ಸೇರಿಸಿಕೊಳ್ಳಿ’ ಎಂಬ ಶಿಫಾರಸು ನಡೆಯುವುದುಂಟು. ಆ ಶಿಫಾರಸಿನ ಫಲವನ್ನು ಅನುಭವಿಸುವವರು ಶಿಫಾರಸು ಮಾಡಿದವರಲ್ಲ.

ಒಪ್ಪಿಗೆ ಪತ್ರದ ವಿಷಯ ನಮ್ಮ ಸೀಮೆಗೆ ವಿಶೇಷವಾಗಿ ಅನ್ವಯಿಸುತ್ತದೆ. ಇಲ್ಲಿನ ಎಷ್ಟೋ ಮನೆಗಳಲ್ಲಿ ಆಡುವ ಮಾತು ತೆಲುಗು, ಕೆಲವು ಮನೆಗಳಲ್ಲಿ ಉರ್ದು. ಇಂಗ್ಲಿಷಿನಲ್ಲಿ ಅಚ್ಚಾದ ಹಾಳೆಯ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಂಡರೆ ಅದು ಒಪ್ಪಿಗೆಯಾಗದು. ಯಾವ ಕಣ್ಣಿಗೆ ಶಸ್ತ್ರಚಿಕಿತ್ಸೆ, ಅದರಲ್ಲಿರುವ ಅಪಾಯವೇನು, ಬೇಡವೆಂದರೆ ಏನಾಗುತ್ತದೆ ಎಂಬುದನ್ನು ರೋಗಿಯ ಭಾಷೆಯಲ್ಲಿ ತಿಳಿಸಿ ಹೇಳಲು ನಮ್ಮ ಉಪಾಧ್ಯಾಯರಿಗಿಂತ ತಕ್ಕವರು ದೊರೆಯಲಾರರು. ಶಿಡ್ಲಘಟ್ಟದ ನೂಲು ಬಿಚ್ಚುವ ಕೆಲಸಗಾರನಿಗೆ ಕಣ್ಣೇ ಅನ್ನ. ಬಿಸಿನೀರಿನ ಹಬೆಯ ನಡುವೆ ಗೂಡಿನ ಎಳೆ ತುಂಡಾದದ್ದು ಕಾಣದಿದ್ದರೆ ಅವನ ದಿನದ ಕೂಲಿ ಹೋಯಿತು. ಅಂತಹವನು ಎಷ್ಟು ದಿನ ಹಬೆಯಿಂದಲೂ ಕೊಳೆನೀರಿನಿಂದಲೂ ದೂರವಿರಬೇಕು, ಅಷ್ಟು ದಿನದ ಕೂಲಿಗೆ ಏನು ಗತಿ ಎಂಬುದನ್ನೂ ಮೊದಲೇ ಯೋಚಿಸಬೇಕು. ಕಪ್ಪು ಕನ್ನಡಕಕ್ಕೂ ಕಂಬಳಿಗೂ ದಾನ ಕೊಡುವವರು ಹಲವರಿದ್ದಾರೆ. ಒಂದು ವಾರದ ಕೂಲಿಯನ್ನು ಕೊಡುವ ದಾನಿಯನ್ನು ನಾನಿನ್ನೂ ಕಂಡಿಲ್ಲ.

ಕೊನೆಯದಾಗಿ ಶಿಬಿರ ಮುಗಿದ ಮೇಲಿನ ಕೆಲಸ. ರೋಗಿಗಳು ಬಸ್ಸಿಳಿದು ಮನೆ ಸೇರಿದ ಮೇಲೆಯೇ ಸೋಂಕಿನ ಲಕ್ಷಣಗಳು ತಲೆದೋರುವುದು ಹೆಚ್ಚು. ಆದುದರಿಂದ ಎರಡನೆಯ, ಮೂರನೆಯ ಮತ್ತು ಏಳನೆಯ ದಿನ ಪ್ರತಿಯೊಬ್ಬರ ಮನೆಗೂ ಯಾರಾದರೂ ಹೋಗಿ, ನೋವಿದೆಯೇ, ಕಣ್ಣು ಕೆಂಪಾಗಿದೆಯೇ, ನಿನ್ನೆಗಿಂತ ಮಬ್ಬಾಗಿ ಕಾಣುತ್ತಿದೆಯೇ ಎಂಬ ಮೂರು ಪ್ರಶ್ನೆಗಳನ್ನು ಕೇಳಬೇಕು. ಉತ್ತರ ಹೌದೆಂದಾದರೆ ಅದೇ ರಾತ್ರಿ ವಾಹನ ಹೊರಡಬೇಕು; ಅದರ ಖರ್ಚನ್ನು ಶಿಬಿರದ ಲೆಕ್ಕದಲ್ಲಿ ಮೊದಲೇ ತೆಗೆದಿರಿಸಬೇಕು. ಇಬ್ಬರಿಗೆ ಹಾಗಾಯಿತೆಂದರೆ ಮಿಕ್ಕವರೆಲ್ಲರನ್ನೂ ಕರೆಸಿ ನೋಡಬೇಕು, ಮುಂದಿನ ತಂಡದ ಶಸ್ತ್ರಚಿಕಿತ್ಸೆಯನ್ನು ನಿಲ್ಲಿಸಬೇಕು, ಉಳಿದಿರುವ ಔಷಧ ಮತ್ತು ದ್ರವಗಳ ಬಾಟಲಿಗಳನ್ನು ಎಸೆಯದೆ ಕಾದಿರಿಸಿ, ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ ತಿಳಿಸಬೇಕು. ಸಂಸ್ಥೆಯ ಹೆಸರು ಕೆಡುವುದೆಂಬ ಭಯದಿಂದ ಒಂದು ದಿನ ತಡಮಾಡಿದರೆ ಉಳಿಯಬಹುದಾಗಿದ್ದ ಕಣ್ಣುಗಳೂ ಹೋಗುತ್ತವೆ.

ಶಸ್ತ್ರಚಿಕಿತ್ಸೆಯಾದ ನೂರು ಮಂದಿಯಲ್ಲಿ ಕನಿಷ್ಠ 80 ಮಂದಿಗೆ ದೃಷ್ಟಿಫಲಕದ ಲೆಕ್ಕದಲ್ಲಿ 6/18 ಅಥವಾ ಅದಕ್ಕಿಂತ ಉತ್ತಮ ದೃಷ್ಟಿ ಬಂದಿರಬೇಕು, ಕೆಟ್ಟ ಫಲಿತಾಂಶ ಶೇ. 5ನ್ನು ಮೀರಕೂಡದು ಎಂಬುದು ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿರುವ ಅಳತೆ. ಆರನೆಯ ವಾರದಲ್ಲಿ ಎಲ್ಲರನ್ನೂ ಶಾಲೆಗೇ ಕರೆಸಿ, ಆರು ಮೀಟರು ದೂರದಲ್ಲಿ ಫಲಕವನ್ನು ತೂಗುಹಾಕಿ ನೋಡಲು ಒಂದು ಬೆಳಗು ಸಾಕು. ಮುಂದಿನ ವರ್ಷದ ಸಂಚಿಕೆಯಲ್ಲಿ ಶಿಬಿರದ ವರದಿ ಅಚ್ಚಾಗುವಾಗ ಶಸ್ತ್ರಚಿಕಿತ್ಸೆಗಳ ಸಂಖ್ಯೆಯ ಪಕ್ಕದಲ್ಲಿ ಈ ಎರಡನೆಯ ಸಂಖ್ಯೆಯೂ, ಕಣ್ಣು ಬಾರದವರ ಮೂರನೆಯ ಸಂಖ್ಯೆಯೂ ಇರಲೆಂದು ಸಂಪಾದಕ ಮಂಡಲಿಯಲ್ಲಿ ವಿನಂತಿಸುತ್ತೇನೆ.