ಸಂಚಾರಿ ಕಾಯಕಕ್ಕೆ ನಿಸ್ತಂತು ಗಣಕ

ಸ್ಥಾವರ, ಜಂಗಮ ಎಂಬೆರಡು ಶಬ್ದಗಳು ಕನ್ನಡಿಗರಿಗೆ ಹೊಸವಲ್ಲ. ನಿಂತದ್ದು ಸ್ಥಾವರ, ಚಲಿಸುವುದು ಜಂಗಮ. ಕೈಯಲ್ಲಿ ಹಿಡಿದು ತಿರುಗುವ ದೂರವಾಣಿಗೆ ‘ಜಂಗಮವಾಣಿ’ ಎಂಬ ಹೆಸರು ಬಂದಾಗ ಆ ಹಳೆಯ ಶಬ್ದಕ್ಕೆ ಹೊಸ ಬಾಳು ಒದಗಿತು. ಜನರ ಬಾಯಲ್ಲಿ ಅದು ‘ಮೊಬೈಲ್’ ಆಗಿಯೇ ಉಳಿದುದು ಬೇರೆ ಮಾತು. ‘ನಿಸ್ತಂತು’ ಎಂಬುದೂ ಅಂತಹದೇ ಶಬ್ದ. ತಂತು ಎಂದರೆ ಎಳೆ. ಎಳೆಯಿಲ್ಲದೆ ಸಾಗುವುದು ನಿಸ್ತಂತು.

ಗಣಕಯಂತ್ರವು ಬಹುಕಾಲ ಸ್ಥಾವರವಾಗಿಯೇ ಇತ್ತು. ಕೆಲಸವೆಲ್ಲವೂ ಕಚೇರಿಯ ಮೇಜಿನ ಬಳಿಗೇ ನಡೆದು ಬರುವುದೆಂಬ ಭಾವನೆ ಅದರ ಹಿಂದೆ ಇದ್ದಿತು. ಆದರೆ ಬಸ್ಸಿನ ನಿರ್ವಾಹಕ, ಅಂಚೆಯವ, ವಿದ್ಯುತ್ ಮಾಪಕ ಓದುವವ, ಇವರ ಕಚೇರಿ ಇರುವುದು ದಾರಿಯಲ್ಲಿ. ಇಂತಹವರ ಕೈಗೆ ಗಣಕವನ್ನು ಕೊಟ್ಟು, ಗಾಳಿಯ ಅಲೆಗಳ ಮೂಲಕ ಅದನ್ನು ಕೇಂದ್ರಕ್ಕೆ ಜೋಡಿಸುವ ವ್ಯವಸ್ಥೆಯೇ ಸಂಚಾರಿ ಗಣಕ ವ್ಯವಸ್ಥೆ. ಅಮೆರಿಕದ ಫೆಡರಲ್ ಎಕ್ಸ್‌ಪ್ರೆಸ್ ಎಂಬ ಸಾಗಣೆ ಸಂಸ್ಥೆಯು 1986ರಲ್ಲಿಯೇ ತನ್ನ ನೌಕರರ ಕೈಗೆ ಪೊಟ್ಟಣಗಳ ಗುರುತನ್ನು ಓದುವ ಯಂತ್ರವನ್ನು ಕೊಟ್ಟಿತ್ತು.

ಕಾರವಾರದಿಂದ ಅಂಕೋಲೆಯ ಕಡೆಗೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಹೊರಟವರು ಚೆಂಡಿಯೆ, ತೋಡೂರು, ಅಮದಳ್ಳಿಗಳನ್ನು ದಾಟುತ್ತಾರೆ. ಒಂದು ಕಡೆ ಕಡಲು. ಇನ್ನೊಂದು ಕಡೆ ಸಹ್ಯಾದ್ರಿಯ ಚಾಚುಗಳು. ಕಣ್ಣಿಗೆ ಹಬ್ಬವಾದ ಈ ಭೂಮಿ ನಿಸ್ತಂತು ಯಂತ್ರಕ್ಕೆ ಮಾತ್ರ ಕಠಿಣ ಪರೀಕ್ಷೆ. ದೂರವಾಣಿ ಗೋಪುರದಿಂದ ಹೊರಡುವ ಅಲೆಗಳು ಬೆಳಕಿನ ಜಾತಿಯವೇ. ಅವು ಬಹುಮಟ್ಟಿಗೆ ನೇರವಾಗಿ ಸಾಗುತ್ತವೆ, ಗುಡ್ಡ ಅಡ್ಡ ಬಂದರೆ ಅದರ ಹಿಂದೆ ನೆರಳು ಬೀಳುತ್ತದೆ. ಕಡಿಮೆ ಆವರ್ತನದ ಅಲೆಗಳು ಸ್ವಲ್ಪ ಬಾಗಿ ಮುಂದೆ ಹೋಗಬಲ್ಲವು. ಹೆಚ್ಚಿನ ಆವರ್ತನದವು ಅಷ್ಟು ಬಾಗಲೊಲ್ಲವು. ‘ಇಲ್ಲಿ ರೇಂಜ್ ಇಲ್ಲ’ ಎಂದು ಹಳ್ಳಿಗರು ಹೇಳುವ ಸ್ಥಳವೆಂದರೆ ಹಲವು ವೇಳೆ ಇಂತಹ ನೆರಳಿನ ಸ್ಥಳ.

ಅಲೆ ಕಡಿದಲ್ಲಿ ಕೆಲಸವೂ ನಿಲ್ಲಬೇಕೆ? ನಿಲ್ಲಬೇಕಾಗಿಲ್ಲವೆಂಬುದನ್ನು ಬಸ್ಸಿನ ಟಿಕೆಟ್ ಯಂತ್ರವು ತೋರಿಸಿದೆ. 1997ರಲ್ಲಿ ಹುಬ್ಬಳ್ಳಿಯನ್ನು ಕೇಂದ್ರವಾಗಿಟ್ಟುಕೊಂಡು ಹುಟ್ಟಿದ ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯ ಬಸ್ಸುಗಳು ಈ ದಾರಿಯಲ್ಲಿ ಓಡಾಡುತ್ತವೆ. ಹಿಂದೆ ನಿರ್ವಾಹಕನ ಕೈಯಲ್ಲಿ ಬಣ್ಣಬಣ್ಣದ ಟಿಕೆಟ್ ಕಟ್ಟುಗಳೂ ರಂಧ್ರ ಹೊಡೆಯುವ ಇಕ್ಕಳವೂ ಇದ್ದವು. ನಿಲ್ದಾಣ ನಿಲ್ದಾಣಕ್ಕೂ ವೇ ಬಿಲ್ಲನ್ನು ತುಂಬಬೇಕಾಗಿತ್ತು. ಯಂತ್ರ ಬಂದ ಮೇಲೆ ದರವನ್ನು ಅದೇ ಲೆಕ್ಕ ಹಾಕಿ ಮುದ್ರಿಸುತ್ತದೆ. ಮೊದಲ ಯಂತ್ರಗಳಿಗೆ ನಿಸ್ತಂತು ಸಂಪರ್ಕವೇ ಇರಲಿಲ್ಲ. ದಿನದ ಲೆಕ್ಕವನ್ನು ಡಿಪೋದಲ್ಲಿ ಇಳಿಸಿಕೊಳ್ಳುತ್ತಿದ್ದರು. 2023ರ ಜೂನ್ 11ರಂದು ಮಹಿಳೆಯರಿಗೆ ಉಚಿತ ಪ್ರಯಾಣದ ‘ಶಕ್ತಿ’ ಯೋಜನೆ ಆರಂಭವಾದಾಗ ಶೂನ್ಯ ದರದ ಟಿಕೆಟ್ಟಿಗೂ ಬೆಲೆ ಬಂತು, ಏಕೆಂದರೆ ಸರಕಾರವು ಸಂಸ್ಥೆಗೆ ತುಂಬಿಕೊಡುವ ಹಣಕ್ಕೆ ಆ ಟಿಕೆಟ್ಟುಗಳ ಎಣಿಕೆಯೇ ಆಧಾರ.

ಸಂಪರ್ಕವುಳ್ಳ ಯಂತ್ರವನ್ನೂ ಇದೇ ರೀತಿಯಲ್ಲಿ ನಡೆಸಬಹುದು. ಪ್ರತಿಯೊಂದು ವ್ಯವಹಾರಕ್ಕೂ ಒಂದು ಕ್ರಮಸಂಖ್ಯೆ ಕೊಟ್ಟು ಯಂತ್ರವು ತನ್ನ ಸ್ಮೃತಿಯಲ್ಲಿ ಇಟ್ಟುಕೊಳ್ಳುತ್ತದೆ. ಅಲೆ ಸಿಕ್ಕೊಡನೆ ಅದನ್ನು ಕೇಂದ್ರಕ್ಕೆ ಕಳುಹಿಸುತ್ತದೆ. ‘ತಲುಪಿತು’ ಎಂಬ ಉತ್ತರ ಬರುವವರೆಗೆ ತನ್ನ ಪ್ರತಿಯನ್ನು ಅಳಿಸುವುದಿಲ್ಲ. ನೋಂದಾಯಿತ ಅಂಚೆಯೊಡನೆ ಹೋಗಿ ಸಹಿಯಾಗಿ ಮರಳುತ್ತಿದ್ದ ಸ್ವೀಕೃತಿ ಪತ್ರವನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಉತ್ತರವೇ ದಾರಿಯಲ್ಲಿ ಕಳೆದುಹೋದರೆ ಯಂತ್ರವು ಮತ್ತೊಮ್ಮೆ ಕಳುಹಿಸುತ್ತದೆ. ಕೇಂದ್ರವು ಕ್ರಮಸಂಖ್ಯೆಯನ್ನು ನೋಡಿ, ಒಂದೇ ಟಿಕೆಟ್ಟನ್ನು ಎರಡು ಬಾರಿ ಎಣಿಸದೆ ಬಿಡುತ್ತದೆ. ಕಳುಹಿಸಿ, ಉತ್ತರ ಬರದಿದ್ದರೆ ತುಸು ಕಾದು ಮತ್ತೆ ಕಳುಹಿಸುವ ಈ ಉಪಾಯವನ್ನು 1971ರಲ್ಲಿ ಹವಾಯಿ ವಿಶ್ವವಿದ್ಯಾಲಯದ ‘ಅಲೋಹಾ’ ಜಾಲವು ಬಳಸಿತು. ಕಡಲು ನಡುವೆ ಇದ್ದ ದ್ವೀಪಗಳ ಗಣಕಗಳನ್ನು ರೇಡಿಯೋ ಅಲೆಗಳಿಂದ ಜೋಡಿಸಿದ ಆ ಜಾಲದ ಹಿಂದೆ ನಾರ್ಮನ್ ಅಬ್ರಮ್ಸನ್ ಎಂಬ ವಿದ್ವಾಂಸರಿದ್ದರು.

ಅಂಚೆಯವನ ಕೈಯಂತ್ರದ ಕಥೆ ಇಷ್ಟು ಸುಗಮವಲ್ಲ. ದೇಶದ 1.29 ಲಕ್ಷ ಗ್ರಾಮೀಣ ಶಾಖಾ ಅಂಚೆ ಕಚೇರಿಗಳನ್ನು ಜೋಡಿಸುವ ‘ದರ್ಪಣ’ ಯೋಜನೆ 2017ರ ಡಿಸೆಂಬರಿನಲ್ಲಿ ಆರಂಭವಾಯಿತು. 2018ರ ಸೆಪ್ಟೆಂಬರ್ 1ರಂದು ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕ್ ದೇಶವ್ಯಾಪಿಯಾಗಿ ತೆರೆಯಿತು. ಗ್ರಾಮೀಣ ಅಂಚೆ ಸೇವಕನು ಮನೆಯ ಜಗಲಿಯ ಮೇಲೆಯೇ ಕುಳಿತು ವೃದ್ಧೆಯೊಬ್ಬಳ ಪಿಂಚಣಿಯನ್ನು ಅವಳ ಕೈಗೆ ಕೊಡಬಲ್ಲವನಾದನು. ಪೇಟೆಯ ಬ್ಯಾಂಕಿನವರೆಗೆ ಹೋಗಿ ಬರುವ ಖರ್ಚೂ ದಣಿವೂ ಉಳಿದವು. ಇದು ಸಾಮಾನ್ಯ ಉಪಕಾರವಲ್ಲ.

ಆದರೆ ಟಿಕೆಟ್ಟು ಕಾಯಬಲ್ಲುದು, ಹಣ ಕಾಯಲಾರದು. ಖಾತೆಯಲ್ಲಿ ಎಷ್ಟಿದೆ ಎಂಬುದನ್ನು ಆ ಕ್ಷಣವೇ ಕೇಂದ್ರದಲ್ಲಿ ನೋಡಬೇಕು. ಆಧಾರ್ ಮೂಲಕ ಹಣ ಪಡೆಯುವಾಗ ಬೆರಳಿನ ಗುರುತನ್ನು ಹೋಲಿಸುವುದೂ ಯಂತ್ರದೊಳಗೆ ಅಲ್ಲ, ದೂರದ ಗಣಕದಲ್ಲಿ. ಅಲೆಯಿಲ್ಲದ ಜಗಲಿಯ ಮೇಲೆ ಅತ್ಯುತ್ತಮ ಯಂತ್ರವೂ ನಿರುಪಯೋಗಿ. ಅಲೆಯಿದ್ದರೂ ಇನ್ನೊಂದು ತೊಡಕುಂಟು. ಗದ್ದೆಯ ಕೆಸರಿನಲ್ಲಿ, ಬಲೆಯ ಹಗ್ಗದಲ್ಲಿ, ಮೀನಿನ ಉಪ್ಪಿನಲ್ಲಿ ಜೀವಮಾನ ಸವೆಸಿದವರ ಬೆರಳ ರೇಖೆಗಳೂ ಸವೆದಿರುತ್ತವೆ. ಯಂತ್ರವು ಅವರನ್ನು ಗುರುತಿಸಲೊಲ್ಲದು. ‘ಇನ್ನೊಮ್ಮೆ ಒತ್ತು ಅಜ್ಜಿ’ ಎಂದು ಊರಿನ ಹುಡುಗನೇ ಆದ ಅಂಚೆಯವ ಹೇಳುತ್ತಾನೆ. ಅವಳನ್ನು ಅವನು ಬಲ್ಲ, ಅವನನ್ನು ಅವಳು ಬಲ್ಲಳು. ಇಬ್ಬರನ್ನೂ ಅರಿಯದ ಯಂತ್ರದ್ದೇ ಕೊನೆಯ ತೀರ್ಪು. ಈಚೆಗೆ ಮುಖವನ್ನು ಗುರುತಿಸುವ ಕ್ರಮವೂ ಬಳಕೆಗೆ ಬಂದಿದೆ. ಸವೆದ ಬೆರಳಿನವರಿಗೆ ಅದರಿಂದ ಅನುಕೂಲವಾಗಬಹುದು, ಆದರೆ ಅದಕ್ಕೂ ಅಲೆ ಬೇಕೇ ಬೇಕು.

ಆದಕಾರಣ ಸಂಚಾರಿ ನೌಕರರಿಗೆ ಯಂತ್ರ ಕೊಡುವ ಸಂಸ್ಥೆ, ಅದು ಸರಕಾರದ್ದಾಗಲಿ ಖಾಸಗಿಯದಾಗಲಿ, ಯಾವ ಕೆಲಸ ಕಾಯಬಲ್ಲುದು, ಯಾವುದು ಕಾಯಲಾರದು ಎಂಬ ವಿವೇಚನೆಯನ್ನು ಮೊದಲೇ ಮಾಡತಕ್ಕದ್ದು. ಮಾಪಕ ಓದುವವನ ಅಂಕಿ ಸಂಜೆಯವರೆಗೆ ಕಾಯಬಲ್ಲುದು. ಔಷಧಕ್ಕೆಂದು ಪಿಂಚಣಿಯನ್ನು ಎದುರು ನೋಡುತ್ತಿರುವ ಅಜ್ಜಿ ಕಾಯಲಾರಳು. ಎರಡನೆಯ ಬಗೆಯ ಕೆಲಸಕ್ಕೆ ಯಂತ್ರವಲ್ಲದ ಮತ್ತೊಂದು ದಾರಿಯನ್ನು, ಸಹಿಯೋ ಸಾಕ್ಷಿಯೋ ಕಾಗದದ ಚೀಟಿಯೋ, ನಿಯಮದಲ್ಲಿಯೇ ಇಟ್ಟಿರಬೇಕು. ಹಾಗೆ ಇಡದಿದ್ದಲ್ಲಿ ಬರಿಗೈಯಲ್ಲಿ ಮರಳುವ ನೌಕರನೇ ಊರವರ ಮಾತಿಗೆ ಗುರಿಯಾಗುತ್ತಾನೆ. ಅವನು ಎಷ್ಟು ಹೊತ್ತು ಎಲ್ಲಿ ನಿಂತಿದ್ದನೆಂಬುದನ್ನು ಯಂತ್ರವು ಕೇಂದ್ರಕ್ಕೆ ತಿಳಿಸಬಲ್ಲುದು. ಗುಡ್ಡದ ತಪ್ಪಲಿನಲ್ಲಿ ಅಲೆಗಾಗಿ ಯಂತ್ರವನ್ನು ಎತ್ತಿ ಹಿಡಿದು ನಿಂತಿದ್ದನೆಂಬುದನ್ನು ಅವನೇ ಬಾಯಿಬಿಟ್ಟು ಹೇಳಬೇಕಾಗುತ್ತದೆ.